ಎರಡು ಚೀಟಿ, ಒಂದು ಮೈ

ಕಾರವಾರದಲ್ಲಿ ಮಹಿಳೆಯರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು, ಅಂದು ಹೊತ್ತು ಸಾಲದೆ ಬಿಟ್ಟುಹೋದ ಕೆಲವು ವಿಷಯಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ನಾನು ವೈದ್ಯೆಯಲ್ಲ, ಶಿರಸಿಯ ಔಷಧದ ಅಂಗಡಿಯೊಂದರಲ್ಲಿ 26 ವರ್ಷಗಳಿಂದ ಫಾರ್ಮಸಿಸ್ಟ್ ಆಗಿರುವವಳು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಟ್ಟು ನಿಲ್ಲುವ ಕಾಲಕ್ಕೆ ಕೊಡುವ ಹಾರ್ಮೋನನ್ನೂ ಖಿನ್ನತೆಯ ಮಾತ್ರೆಯನ್ನೂ ಮೂರು ವರ್ಷಗಳಿಂದ ನಾನೇ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೇನೆ. ಸಭೆಯಲ್ಲಿ ಇದನ್ನು ಹೇಳಿದ ಮೇಲೆ, ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿದ್ದ ಇಬ್ಬರು ಕಾರ್ಯಕ್ರಮ ಮುಗಿದಾಗ ಬೇರೆ ಬೇರೆಯಾಗಿ ಬಂದು, ತಾವೂ ಎರಡನ್ನೂ ತೆಗೆದುಕೊಳ್ಳುತ್ತಿದ್ದೇವೆ ಎಂದರು. ಇಬ್ಬರೂ ಒಂದೇ ಕೇರಿಯವರು, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಈ ಬರಹದ ಮುಖ್ಯ ಮಾತು ಆ ಗುಟ್ಟಿಗೆ ಸಂಬಂಧಿಸಿದ್ದೇ ಆಗಿದೆ.

ಅಂಗಡಿಯ ಕಟ್ಟೆಗೆ ಒರಗಿ, ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಹೆಂಗಸರು ಕೇಳುವ ಪ್ರಶ್ನೆ ಒಂದೇ: "ಎರಡನ್ನೂ ಒಟ್ಟಿಗೆ ನುಂಗಿದರೆ ಏನಾದರೂ ಆದೀತಾ?" ಹೆಚ್ಚಿನವರ ಮಟ್ಟಿಗೆ ಉತ್ತರ, ಆಗುವುದಿಲ್ಲ ಎಂಬುದೇ. ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್, ಫ್ಲುಯೋಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮುಂತಾದ ಇಂದು ಹೆಚ್ಚಾಗಿ ಬರೆಯುವ ಖಿನ್ನತೆಯ ಮಾತ್ರೆಗಳಿಗೂ, ಎಸ್ಟ್ರಡಯೋಲ್ ಮತ್ತು ಪ್ರೊಜೆಸ್ಟೆರೋನ್ ಎಂಬ ಹಾರ್ಮೋನುಗಳಿಗೂ ನೇರವಾದ, ಅಪಾಯಕಾರಿಯಾದ ಜಗಳವಿಲ್ಲ. ಲೋಕದಲ್ಲಿ ಅಸಂಖ್ಯ ಹೆಂಗಸರು ಎರಡನ್ನೂ ತೆಗೆದುಕೊಂಡು ನೆಮ್ಮದಿಯಾಗಿದ್ದಾರೆ. ತೊಂದರೆ ಬರುವುದು ಈ ಎರಡರ ನಡುವೆ ನುಸುಳುವ ಮೂರನೆಯ ಔಷಧದಿಂದ. ಆ ಮೂರನೆಯದು ನುಸುಳುವುದಕ್ಕೆ ಎಡೆ ಸಿಗುವುದು, ಹಾರ್ಮೋನು ಬರೆದ ಸ್ತ್ರೀರೋಗ ತಜ್ಞರ ಚೀಟಿಯೂ ಮನೋವೈದ್ಯರ ಚೀಟಿಯೂ ಒಂದನ್ನೊಂದು ಎಂದೂ ನೋಡದಿದ್ದಾಗ.

ಮೊದಲು ಮೈಯ ವಿಷಯವನ್ನು ಸ್ವಲ್ಪ ನೋಡೋಣ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ವಯಸ್ಸಿಗೆ. ಪಶ್ಚಿಮದ ದೇಶಗಳಲ್ಲಿ ಸುಮಾರು 51ಕ್ಕೆ. ಆದರೆ ನಿಲ್ಲುವುದಕ್ಕಿಂತ ಮುಂಚಿನ ಕೆಲವು ವರ್ಷಗಳೇ ಕಷ್ಟದವು, ಏಕೆಂದರೆ ಆಗ ಈಸ್ಟ್ರೋಜನ್ (ಎಸ್ಟ್ರಡಯೋಲ್ ಅದರದೇ ಒಂದು ರೂಪ) ಮೆಲ್ಲನೆ ಇಳಿಯದೆ ಏರುತ್ತ ಬೀಳುತ್ತ ಇರುತ್ತದೆ. ಮಿದುಳಿನಲ್ಲಿ ಮನಸ್ಸಿನ ಹದ ಕಾಯುವ ಸಿರೊಟೋನಿನ್ ಎಂಬ ರಾಸಾಯನಿಕ ತಯಾರಾಗುವುದಕ್ಕೂ ಅದು ಕೆಲಸ ಮಾಡುವುದಕ್ಕೂ ಈಸ್ಟ್ರೋಜನ್ನಿನ ನೆರವು ಬೇಕು. ಆ ನೆರವು ಒಂದು ವಾರ ಸಿಕ್ಕಿ ಇನ್ನೊಂದು ವಾರ ತಪ್ಪಿದರೆ ಮನಸ್ಸು ಕುಸಿಯುವುದಕ್ಕೆ ಎಡೆಯಾಗುತ್ತದೆ. ಹಿಂದೊಮ್ಮೆ ಖಿನ್ನತೆ ಬಂದುಹೋದವರಲ್ಲಿ, ಹೆರಿಗೆಯ ನಂತರ ಮನಸ್ಸು ಕೆಟ್ಟವರಲ್ಲಿ ಈ ಕಾಲದಲ್ಲಿ ಅದು ಮರಳುವ ಸಂಭವ ಹೆಚ್ಚು. ಮೈಯ ಶಾಖವನ್ನು ಕಾಯುವ ಮಿದುಳಿನ ಭಾಗವೂ ಇದೇ ಕಾರಣಕ್ಕೆ ಹದ ತಪ್ಪುತ್ತದೆ. ಒಲೆಯ ಮುಂದೆ ಕೂತವಳಿಗೆ ಎದೆಯಿಂದ ಮುಖಕ್ಕೆ ಒಮ್ಮೆಲೇ ಕಾವು ಏರಿ, ಬೆವರು ಹರಿದು, ಆಮೇಲೆ ಚಳಿಯಾಗುವುದು ಇದರಿಂದಲೇ. ರಾತ್ರಿ ನಾಲ್ಕು ಸಲ ಹೀಗೆ ಬೆವರಿ ಎದ್ದವಳಿಗೆ ಬೆಳಿಗ್ಗೆ ಯಾರ ಮುಖವೂ ಬೇಡವೆನ್ನಿಸಿದರೆ, ಅದರಲ್ಲಿ ನಿದ್ದೆಗೇಡಿನ ಪಾಲೆಷ್ಟು, ಖಿನ್ನತೆಯ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಸುಲಭವಲ್ಲ.

ಬಿಡಿಸಿ ನೋಡಬೇಕಾದುದು ಮಾತ್ರ ಅಗತ್ಯ. ನನ್ನ ಸರದಿ ಬಂದಾಗ ನಾನು ಮೊದಲು ಕಂಡ ವೈದ್ಯರು "ಈ ವಯಸ್ಸಿಗೆ ಇದೆಲ್ಲ ಸಹಜ" ಎಂದು ಹೇಳಿ, ಇನ್ನೊಂದು ಪ್ರಶ್ನೆ ಕೇಳದೆ ನಿದ್ದೆಯ ಮಾತ್ರೆ ಬರೆದರು. ಬೆಳಗಿನ ಹೊತ್ತು ಬದುಕುವುದೇ ಬೇಡವೆನ್ನಿಸುತ್ತಿದ್ದ ಸಂಗತಿಯನ್ನು ಹೇಳಲು ನನಗೂ ಬಾಯಿ ಬರಲಿಲ್ಲ, ಅವರೂ ಕೇಳಲಿಲ್ಲ. ಎಂಟು ತಿಂಗಳು ಹಾಗೆಯೇ ಕಳೆದವು. ಎರಡನೆಯ ವೈದ್ಯೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಿದರು. ಏಕೆಂದರೆ ಥೈರಾಯ್ಡ್ ಕಡಿಮೆಯಾದರೂ ರಕ್ತ ಕಡಿಮೆಯಾದರೂ ಇದೇ ಆಯಾಸ, ಇದೇ ಮಂಕು. ಅವೆಲ್ಲ ಸರಿಯಿದ್ದುದರಿಂದ, ಮುಟ್ಟಿನ ಇತಿಹಾಸವನ್ನೂ ಮನಸ್ಸಿನ ಇತಿಹಾಸವನ್ನೂ ಒಂದೇ ಕೂತಿನಲ್ಲಿ ಕೇಳಿದರು. ಎರಡೂ ಒಂದೇ ಸಲಕ್ಕೆ ಬಂದಿವೆ, ಎರಡಕ್ಕೂ ಔಷಧ ಬೇಕು ಎಂಬ ತೀರ್ಮಾನ ಆ ಅರ್ಧ ತಾಸಿನಲ್ಲಿ ಆಯಿತು.

ಒಂದು ಇನ್ನೊಂದರ ಬದಲಿಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬರೀ ಮೈಕಾವಿಗಾಗಿ ಮೊದಲ ಔಷಧವಾಗಿ ಖಿನ್ನತೆಯ ಮಾತ್ರೆಯನ್ನು ವಾಡಿಕೆಯಂತೆ ಕೊಡಬೇಡಿ ಎಂದಿದೆ. ಮುಟ್ಟು ನಿಲ್ಲುವುದರಿಂದಲೇ ಹುಟ್ಟಿದ ಮಂಕಿಗೆ ಹಾರ್ಮೋನನ್ನೂ ಮಾತಿನ ಚಿಕಿತ್ಸೆಯನ್ನೂ ಯೋಚಿಸಿ ಎಂದಿದೆ. ಆದರೆ ಊಟ ಸೇರದೆ, ಹಾಸಿಗೆ ಬಿಟ್ಟು ಏಳಲಾಗದೆ, ಸಾಯುವ ಯೋಚನೆ ಬರುತ್ತಿರುವವಳಿಗೆ ಹಾರ್ಮೋನು ಹಚ್ಚಿ ಮೂರು ತಿಂಗಳು ಕಾಯಿರಿ ಎನ್ನುವುದು ತಪ್ಪು. ಅವಳಿಗೆ ಖಿನ್ನತೆಯ ಚಿಕಿತ್ಸೆ ಮೊದಲು, ಇಂದೇ. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಸ್ತನದ ಕ್ಯಾನ್ಸರ್ ಆದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಇತ್ತೀಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಸಾಮಾನ್ಯವಾಗಿ ಹಾರ್ಮೋನು ತೆಗೆದುಕೊಳ್ಳುವಂತಿಲ್ಲ. ಅಂಥವರ ಮೈಕಾವಿಗೆ ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆ ಸ್ವಲ್ಪಮಟ್ಟಿಗೆ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ 2013ರಲ್ಲಿ 7.5 ಮಿಲಿಗ್ರಾಂನ ಪ್ಯಾರಾಕ್ಸಿಟಿನ್‌ಗೆ ಮೈಕಾವಿಗೆಂದೇ ಒಪ್ಪಿಗೆ ಸಿಕ್ಕಿದೆ.

ಹಾರ್ಮೋನು ಎಂದೊಡನೆ ಕ್ಯಾನ್ಸರ್ ಎಂಬ ಭಯಕ್ಕೂ ಒಂದು ಮಾತು. ಅಮೆರಿಕದ ದೊಡ್ಡ ಅಧ್ಯಯನವೊಂದನ್ನು 2002ರ ಜುಲೈಯಲ್ಲಿ ಅರ್ಧಕ್ಕೇ ನಿಲ್ಲಿಸಲಾಯಿತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರೋನಿನ ಕೃತಕ ರೂಪವಾದ ಪ್ರೊಜೆಸ್ಟಿನ್ ಎರಡನ್ನೂ ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ ಸುಮಾರು 8ರಂತೆ ಸ್ತನದ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಸುದ್ದಿ ಜಗತ್ತಿನ ತುಂಬ ಹಬ್ಬಿತು. ಆ ಹೆಂಗಸರ ಸರಾಸರಿ ವಯಸ್ಸು 63 ಆಗಿತ್ತೆಂಬುದು ಅಷ್ಟು ಹಬ್ಬಲಿಲ್ಲ. 50ರ ಆಸುಪಾಸಿನಲ್ಲಿ, ಚರ್ಮದ ಮೂಲಕ ಹಾರ್ಮೋನು ತೆಗೆದುಕೊಳ್ಳುವವಳ ಲೆಕ್ಕ ಬೇರೆ. ಅವಳ ಲೆಕ್ಕವನ್ನು ಅವಳ ವೈದ್ಯರು ಅವಳ ಎದುರಿಗೇ ಕೂತು ಹಾಕಬೇಕು.

ಇನ್ನು ನಮ್ಮ ಜಿಲ್ಲೆಯ ಸ್ಥಿತಿ. ಕಾರವಾರದವರಿಗೆ ಗೋವಾ ಹತ್ತಿರ, ಶಿರಸಿ ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ, ಭಟ್ಕಳ ಹೊನ್ನಾವರದವರಿಗೆ ಮಣಿಪಾಲ ಮಂಗಳೂರು ಹತ್ತಿರ. ತಜ್ಞರನ್ನು ಕಾಣಲು ಊರೂರು ಅಲೆಯುವುದು ನಮಗೆ ರೂಢಿಯಾಗಿದೆ. ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ಜನ ಕೂಗಿದ್ದು ಸುಮ್ಮನೆ ಅಲ್ಲ. ಇದರ ಮೇಲೆ ನಾಚಿಕೆ ಬೇರೆ. ಹಾರ್ಮೋನನ್ನು ಊರಿನ ಅಂಗಡಿಯಲ್ಲೇ ಕೊಳ್ಳುವ ಹೆಂಗಸು, ಖಿನ್ನತೆಯ ಮಾತ್ರೆಯನ್ನು ಮಾತ್ರ ಪಕ್ಕದ ತಾಲ್ಲೂಕಿಗೆ ಬಸ್ಸು ಹತ್ತಿ ಹೋಗಿ ತರುತ್ತಾಳೆ, "ತಲೆ ಮಾತ್ರೆ" ತಿನ್ನುತ್ತಾಳೆಂದು ಬೀಗರ ಕಿವಿಗೆ ಬೀಳಬಾರದೆಂದು. ಅವಳ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ನಾನೂ ಮೊದಲ ನಾಲ್ಕು ತಿಂಗಳು ನನ್ನ ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿಟ್ಟಿದ್ದೆ. ಆದರೆ ಇದರ ಫಲವೇನಾಗುತ್ತದೆ ಎಂಬುದನ್ನು ಕಟ್ಟೆಯ ಈಚೆಗೆ ನಿಂತವಳಾಗಿ ಹೇಳಬಲ್ಲೆ: ನನಗೆ ಕಾಣುವುದು ಅರ್ಧ ಹೆಂಗಸು, ಪಕ್ಕದ ತಾಲ್ಲೂಕಿನ ಅಂಗಡಿಯವರಿಗೆ ಕಾಣುವುದು ಇನ್ನರ್ಧ. ನಾಳೆ ಅವಳು ಸೊಂಟನೋವಿಗೆ ಮಾತ್ರೆ ಕೇಳಿದಾಗ ನಾವಿಬ್ಬರೂ ಅರ್ಧ ತಿಳಿವಳಿಕೆಯಲ್ಲೇ ಕೊಡುತ್ತೇವೆ.

ಒಮ್ಮೆ ಒಬ್ಬಾಕೆ ಕತ್ತರಿಯಲ್ಲಿ ಕತ್ತರಿಸಿದ ಮೂರು ಮಾತ್ರೆಯ ತುಂಡೊಂದನ್ನು ಗಾಜಿನ ಮೇಲಿಟ್ಟು, ಇಂಥದ್ದೇ ಕೊಡಿ ಎಂದರು. ಬೆಳ್ಳಿ ಹಾಳೆಯ ಹಿಂದೆ "ಟಿನ್" ಎಂಬ ಕೊನೆಯ ಅಕ್ಷರಗಳಷ್ಟೇ ಉಳಿದಿದ್ದವು. ಪ್ಯಾರಾಕ್ಸಿಟಿನ್, ಫ್ಲುಯೋಕ್ಸೆಟಿನ್, ಡುಲೋಕ್ಸೆಟಿನ್, ಕೊಲೆಸ್ಟರಾಲ್‌ಗೆ ಕೊಡುವ ಅಟೊರ್ವಾಸ್ಟಾಟಿನ್ ಕೂಡ, ಎಲ್ಲವೂ ಹಾಗೆಯೇ ಮುಗಿಯುತ್ತವೆ. ಕೇಳುತ್ತ ಹೋದಾಗ ತಿಳಿದದ್ದು ಇಷ್ಟು: ಎರಡು ವರ್ಷದ ಹಿಂದೆ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ, ದೂರದ ಆಸ್ಪತ್ರೆಯವರು ಬರೆದ ಟಮಾಕ್ಸಿಫೆನ್ ಮಾತ್ರೆಯನ್ನು ಅವರು ದಿನವೂ ತೆಗೆದುಕೊಳ್ಳುತ್ತಿದ್ದರು. ಅದರಿಂದ ಮೈಕಾವು ಹೆಚ್ಚಿ, ಮನಸ್ಸೂ ಕುಗ್ಗಿದ್ದರಿಂದ ಬೇರೊಬ್ಬ ವೈದ್ಯರಲ್ಲಿಗೆ ಹೋಗಿ, ಕ್ಯಾನ್ಸರಿನ ವಿಷಯ ಹೇಳದೆ, ಪ್ಯಾರಾಕ್ಸಿಟಿನ್ ಬರೆಸಿಕೊಂಡಿದ್ದರು. ಟಮಾಕ್ಸಿಫೆನ್ ತಾನಾಗಿ ಹೆಚ್ಚು ಕೆಲಸ ಮಾಡುವುದಿಲ್ಲ. ಯಕೃತ್ತಿನ ಒಂದು ಕಿಣ್ವ ಅದನ್ನು ಎಂಡಾಕ್ಸಿಫೆನ್ ಎಂಬ ಬಲವಾದ ರೂಪಕ್ಕೆ ತಿರುಗಿಸಬೇಕು. ಆ ಕಿಣ್ವದ ಬಾಯನ್ನೇ ಪ್ಯಾರಾಕ್ಸಿಟಿನ್ ಕಟ್ಟಿಹಾಕುತ್ತದೆ. ಫ್ಲುಯೋಕ್ಸೆಟಿನ್ ಮತ್ತು ಖಿನ್ನತೆಗೇ ಕೊಡುವ ಬ್ಯುಪ್ರೊಪಿಯಾನ್ ಕೂಡ ಹಾಗೆಯೇ. ಕ್ಯಾನ್ಸರ್ ಮರಳದಂತೆ ಕಾಯಬೇಕಾದ ಮಾತ್ರೆ ಹೊಟ್ಟೆಗೆ ಹೋಗುತ್ತದೆ, ಕಾವಲು ಮಾತ್ರ ಸಡಿಲವಾಗುತ್ತದೆ, ಮತ್ತು ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಅವರ ಎದುರಿಗೇ ಆ ವೈದ್ಯರಿಗೆ ಫೋನ್ ಮಾಡಿದೆ. ಅವರು ತಡಮಾಡದೆ ಕರೆಸಿಕೊಂಡು, ಪ್ಯಾರಾಕ್ಸಿಟಿನ್ ಮೆಲ್ಲಗೆ ಇಳಿಸಿ, ಆ ಕಿಣ್ವದ ತಂಟೆಗೆ ಹೆಚ್ಚು ಹೋಗದ ವೆನ್ಲಾಫ್ಯಾಕ್ಸಿನ್‌ಗೆ ಬದಲಿಸಿದರು. ಆ ತುಂಡಿನಲ್ಲಿ ಇನ್ನೆರಡು ಅಕ್ಷರ ಇದ್ದಿದ್ದರೆ ನಾನು ಏನನ್ನೂ ಕೇಳದೆ ಒಂದು ಪಟ್ಟಿ ಕತ್ತರಿಸಿ ಕೊಟ್ಟುಬಿಡುತ್ತಿದ್ದೆನೇನೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಹಾರ್ಮೋನಿನ ಬಲವನ್ನು ಕುಗ್ಗಿಸುವ ಔಷಧಗಳೂ ಇವೆ. ಕ್ಷಯದ ಆರು ತಿಂಗಳ ಚಿಕಿತ್ಸೆಯಲ್ಲಿರುವ ರಿಫಾಂಪಿಸಿನ್, ಮೂರ್ಛೆರೋಗಕ್ಕೂ ಮನಸ್ಸಿನ ಏರಿಳಿತಕ್ಕೂ ಕೊಡುವ ಕಾರ್ಬಮಾಜೆಪಿನ್, ಹಳೆಯ ಫೆನಿಟಾಯಿನ್, ಇವು ಯಕೃತ್ತನ್ನು ಚುರುಕುಗೊಳಿಸಿ, ನುಂಗಿದ ಈಸ್ಟ್ರೋಜನ್ ಬೇಗ ಕರಗಿಹೋಗುವಂತೆ ಮಾಡುತ್ತವೆ. ಮನಸ್ಸಿಗೆ ಒಳ್ಳೆಯದೆಂದು ಆನ್‌ಲೈನಿನಲ್ಲಿ ತರಿಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯ ಕ್ಯಾಪ್ಸೂಲ್ ಎರಡು ಕಡೆಯಿಂದ ಕೆಡುಕು ಮಾಡುತ್ತದೆ: ಹಾರ್ಮೋನನ್ನು ಕರಗಿಸುತ್ತದೆ, ಖಿನ್ನತೆಯ ಮಾತ್ರೆಯ ಜತೆ ಸೇರಿ ಸಿರೊಟೋನಿನ್ ಅತಿಯಾಗುವಂತೆಯೂ ಮಾಡಬಲ್ಲದು. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಗಿಡಮೂಲಿಕೆಯ ತಿಳಿವಳಿಕೆ ಆಳವಾಗಿದೆ, ಅದರ ಬಗ್ಗೆ ನನಗೆ ಗೌರವವಿದೆ. ಊಟಕ್ಕೆ ಮಾಡುವ ಒಂದೆಲಗದ ತಂಬುಳಿಗೆ ಯಾರೂ ಹೆದರಬೇಕಿಲ್ಲ. ಆದರೆ ಸಾರ ಇಳಿಸಿ ಮಾತ್ರೆ ಮಾಡಿದ ಯಾವುದೇ ಬೇರು, ಎಲೆಯನ್ನು ಔಷಧವೆಂದೇ ಎಣಿಸಿ ವೈದ್ಯರಿಗೆ ತಿಳಿಸಬೇಕು. ಇದಕ್ಕೆ ತಿರುವುಮುರುವಾದ ಒಂದು ಜೋಡಿಯೂ ಉಂಟು: ಮೂರ್ಛೆರೋಗಕ್ಕೂ ಮನಸ್ಸಿನ ಏರಿಳಿತಕ್ಕೂ ಕೊಡುವ ಲ್ಯಾಮೊಟ್ರಿಜಿನ್ ತೆಗೆದುಕೊಳ್ಳುವವರು ಈಸ್ಟ್ರೋಜನ್ ಆರಂಭಿಸಿದರೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಕಡಿಮೆಯಾಗಬಹುದು. ಹಿಡಿತದಲ್ಲಿದ್ದ ಮನಸ್ಸು ಆಗ ಮತ್ತೆ ತಪ್ಪಿದರೆ, ಅದು ಹಾರ್ಮೋನಿನಿಂದ ಬಂದ ದುಗುಡವೆಂದು ತಪ್ಪು ತಿಳಿಯುವ ಸಂಭವವಿದೆ.

ಖಿನ್ನತೆಯ ಮಾತ್ರೆಯ ಕಡೆಯಿಂದ ನೋಡಿದರೆ, ನಿತ್ಯ ಕೇಳಿ ಒಯ್ಯುವ ಔಷಧಗಳೇ ಎಚ್ಚರಕ್ಕೆ ಕಾರಣ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜತೆಗೂಡಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಅಪಾಯ ಏರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಹೆಚ್ಚು ಕ್ಷೇಮ. ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆ, ಒಣಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್, ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್ ಇವು ಸಿರೊಟೋನಿನ್ ಮಿತಿಮೀರಿಸಬಲ್ಲವು. ಆಗ ನಡುಕ, ಬೆವರು, ಜ್ವರ, ತಳಮಳ, ಗೊಂದಲ ಕಾಣುತ್ತವೆ. ಕಾವು ಮತ್ತು ಬೆವರಿಗೆ ಆಗಲೇ ಒಗ್ಗಿಹೋಗಿರುವ ಹೆಂಗಸು ಇದನ್ನೂ ಮುಟ್ಟು ನಿಲ್ಲುವುದರ ಖಾತೆಗೆ ಬರೆದು ಸುಮ್ಮನಾಗಬಾರದು.

ವಯಸ್ಸು ಅರವತ್ತು ದಾಟಿ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಖಿನ್ನತೆಯ ಮಾತ್ರೆಯನ್ನು ಹೊಸದಾಗಿ ಆರಂಭಿಸಿದಾಗ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ಕೆಲವೇ ವಾರಗಳಲ್ಲಿ ಅಮ್ಮ ತೊದಲುತ್ತಾಳೆ, ಇಟ್ಟದ್ದನ್ನು ಮರೆಯುತ್ತಾಳೆ, ನಡೆಯುವಾಗ ಓಲಾಡುತ್ತಾಳೆ. ಮನೆಯವರು ಅರಳುಮರಳು ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ವೈದ್ಯರನ್ನು ಕೇಳಿ ಮಾಡಿಸಿ. ಥೈರಾಯ್ಡ್ ಮಾತ್ರೆ ನುಂಗುವವರು ಈಸ್ಟ್ರೋಜನ್ನನ್ನೂ ಮಾತ್ರೆಯ ರೂಪದಲ್ಲಿ ಆರಂಭಿಸಿದರೆ ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾದೀತು. ಎರಡು ಮೂರು ತಿಂಗಳಲ್ಲಿ ಟಿಎಸ್ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಥೈರಾಯ್ಡ್ ಕೊರತೆಯ ಮಂಕಿಗೆ ಖಿನ್ನತೆಯ ಮಾತ್ರೆಯನ್ನು ಏರಿಸುತ್ತ ಹೋದಂತಾಗುತ್ತದೆ.

ಹಾರ್ಮೋನನ್ನು ತೆಗೆದುಕೊಳ್ಳುವ ಬಗೆಯನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳ ರೂಢಿಗೂ ಇದಕ್ಕೂ ಸಂಬಂಧವಿದೆ. ನುಂಗುವ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗುವುದರಿಂದ ರಕ್ತ ಹೆಪ್ಪುಗಟ್ಟುವ ಸಂಭವವನ್ನು ಸ್ವಲ್ಪ ಏರಿಸುತ್ತದೆ. ಚರ್ಮದ ಮೂಲಕ ಹೋಗುವ ಜೆಲ್ ಮತ್ತು ಮೈಗೆ ಅಂಟಿಸುವ ಪಟ್ಟಿಗಳಲ್ಲಿ ಆ ಏರಿಕೆ ಕಂಡಿಲ್ಲ. ತೂಕ ಹೆಚ್ಚಿರುವವರಿಗೆ, ಮೈಗ್ರೇನ್ ಇರುವವರಿಗೆ ವೈದ್ಯರು ಜೆಲ್ಲನ್ನೇ ಬರೆಯುವುದು ಇದಕ್ಕಾಗಿ. ಜೆಲ್ಲನ್ನು ತೋಳಿಗೆ ಇಲ್ಲವೇ ತೊಡೆಗೆ ತೆಳುವಾಗಿ ಹಚ್ಚಬೇಕು, ಸ್ತನಕ್ಕೆ ಎಂದೂ ಹಚ್ಚಬಾರದು, ಒಣಗಿದ ಮೇಲೆ ಬಟ್ಟೆ ತೊಡಬೇಕು. ಅದರಲ್ಲಿ ಆಲ್ಕೋಹಾಲ್ ಇರುವುದರಿಂದ ಒಣಗುವವರೆಗೆ ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ನಮ್ಮಲ್ಲಿ ಈಗಲೂ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಕೆಳಗೆ ಒಲೆ ಉರಿಯುತ್ತಿರುತ್ತದೆ. ಮಿಂದವಳು ಅಲ್ಲಿಯೇ ನಿಂತು ಜೆಲ್ ಹಚ್ಚುವುದು ಬೇಡ, ಕೋಣೆಗೆ ಬಂದು ಹಚ್ಚಲಿ. ತೆಂಗಿನೆಣ್ಣೆ ಹಚ್ಚಿದ ಮೈಗೆ ಜೆಲ್ ಸರಿಯಾಗಿ ಇಳಿಯುವುದಿಲ್ಲ, ಪಟ್ಟಿ ಅಂಟುವುದೇ ಇಲ್ಲ. ಕರಾವಳಿಯ ಬೆವರಿಗೆ ಎರಡು ದಿನಕ್ಕೇ ಪಟ್ಟಿ ಅಂಚು ಬಿಟ್ಟು ಏಳುತ್ತದೆಂದು ಕಾರವಾರದವರು ಹೇಳುತ್ತಾರೆ. ಸೊಂಟದ ಕೆಳಗೆ, ಎಣ್ಣೆಯಿಲ್ಲದ ಒಣ ಜಾಗ ನೋಡಿ ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಇನ್ನೊಂದು ಎಚ್ಚರವಿದೆ. ಜೆಲ್ ಹಚ್ಚಿದ ತೋಳಿನಿಂದ ಮೊಮ್ಮಗುವನ್ನು ತಕ್ಷಣ ಎತ್ತಿಕೊಳ್ಳಬೇಡಿ. ಮಗುವಿನ ಚರ್ಮಕ್ಕೆ ಹಾರ್ಮೋನು ತಗುಲಿ ಅಕಾಲದಲ್ಲಿ ಎದೆ ಮೂಡಿದ ಉದಾಹರಣೆಗಳು ದಾಖಲಾಗಿವೆ.

ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಳ್ಳುವಂತಿಲ್ಲ, ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆದ್ದರಿಂದ ಪ್ರೊಜೆಸ್ಟೆರೋನ್ ಜತೆಗಿರುತ್ತದೆ. ಮನಸ್ಸಿನ ದೃಷ್ಟಿಯಿಂದ ಇದು ಗಮನಿಸಬೇಕಾದ ಭಾಗ. ಕೆಲವು ಕೃತಕ ಪ್ರೊಜೆಸ್ಟಿನ್‌ಗಳು ಕೆಲವರಲ್ಲಿ ಸಿಡಿಮಿಡಿಯನ್ನೂ ಅಳುವನ್ನೂ ತರುತ್ತವೆ. ತಿಂಗಳಲ್ಲಿ 12–14 ದಿನ ಮಾತ್ರ ಅದನ್ನು ತೆಗೆದುಕೊಳ್ಳುವವರು, ಮನಸ್ಸು ಕೆಡುವುದು ಸರಿಯಾಗಿ ಆ ದಿನಗಳಲ್ಲೇ ಎಂದು ಕಂಡುಕೊಂಡರೆ, ಖಿನ್ನತೆಯ ಮಾತ್ರೆ ಏರಿಸುವುದಕ್ಕಿಂತ ಪ್ರೊಜೆಸ್ಟಿನ್ ಬದಲಿಸುವುದನ್ನು ವೈದ್ಯರೊಡನೆ ಮಾತಾಡಬೇಕು. ನೈಸರ್ಗಿಕ ರೂಪದ ಪ್ರೊಜೆಸ್ಟೆರೋನ್ ನಿದ್ದೆ ತರುತ್ತದೆ, ಅದಕ್ಕಾಗಿಯೇ ಮಲಗುವಾಗ ತೆಗೆದುಕೊಳ್ಳಬೇಕು. ಮಿರ್ಟಜಪಿನ್‌ನಂಥ ನಿದ್ದೆಯ ಗುಣವಿರುವ ಖಿನ್ನತೆಯ ಮಾತ್ರೆಯೂ ಜತೆಗಿದ್ದರೆ ಮಂಪರು ದುಪ್ಪಟ್ಟಾಗುತ್ತದೆ. ಅಡಿಕೆಯ ಹಂಗಾಮಿನಲ್ಲಿ ರಾತ್ರಿ ಊಟ ಮುಗಿಸಿ, ಎರಡೂ ಮಾತ್ರೆ ನುಂಗಿ, ಮೆಟ್ಟುಗತ್ತಿಯ ಮುಂದೆ ಸುಲಿಯಲು ಕೂತವರೊಬ್ಬರು ಹೆಬ್ಬೆರಳಿನ ಬುಡ ಸೀಳಿಕೊಂಡು ಬ್ಯಾಂಡೇಜಿಗೆ ನನ್ನಲ್ಲಿಗೆ ಬಂದಿದ್ದರು. ಸುಲಿಯುವ ಕೆಲಸ ಮುಗಿದು, ಹಾಸಿಗೆ ಹಾಸಿದ ಮೇಲೆ ಮಾತ್ರೆ.

ಎರಡನ್ನೂ ಹೊಸದಾಗಿ ಆರಂಭಿಸಬೇಕಾದವರಿಗೆ ನಾನು ಹೇಳುವುದು, ತುರ್ತಿಲ್ಲದಿದ್ದರೆ ಒಂದೇ ದಿನ ಎರಡನ್ನೂ ಶುರುಮಾಡಬೇಡಿ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ ಬೇಕು. ಹಾರ್ಮೋನಿನ ಪೂರ್ಣ ಫಲಕ್ಕೆ ಸುಮಾರು ಮೂರು ತಿಂಗಳು. ಎರಡೂ ಮೊದಮೊದಲು ವಾಕರಿಕೆ, ತಲೆನೋವು ತರಬಲ್ಲವು. ಬೆವರಿನ ವಿಷಯದಲ್ಲಂತೂ ಗೊಂದಲವೇ ಸರಿ, ಏಕೆಂದರೆ ಹಾರ್ಮೋನು ಬೆವರನ್ನು ತಗ್ಗಿಸುತ್ತಿರುವಾಗ ಖಿನ್ನತೆಯ ಮಾತ್ರೆ ತನ್ನದೇ ಆದ ಬೆವರನ್ನು ತರಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಮೂರು ಗುರುತು ಹಾಕುತ್ತಿದ್ದೆ: ಕಾವು ಬಂದರೆ ಚುಕ್ಕೆ, ನಿದ್ದೆ ಕೆಟ್ಟರೆ ಗೆರೆ, ಮನಸ್ಸು ಕುಸಿದ ದಿನಕ್ಕೆ ಸೊನ್ನೆ. ಮೂರು ತಿಂಗಳ ಹಾಳೆಯನ್ನು ಹರಿದು ಒಯ್ದು ವೈದ್ಯೆಯ ಮುಂದಿಟ್ಟಾಗ, ಚುಕ್ಕೆಗಳು ತೆಳುವಾಗಿ ಸೊನ್ನೆಗಳು ಹಾಗೆಯೇ ಉಳಿದಿರುವುದು ಕಣ್ಣಿಗೇ ಕಾಣುತ್ತಿತ್ತು. ವೆನ್ಲಾಫ್ಯಾಕ್ಸಿನ್ ಅನ್ನು 37.5ರಿಂದ 75 ಮಿಲಿಗ್ರಾಂಗೆ ಏರಿಸಿದ್ದು ಅದನ್ನು ನೋಡಿಯೇ. ಈ ಮಾತ್ರೆ ಪ್ರಮಾಣ ಏರಿದಂತೆ ರಕ್ತದೊತ್ತಡವನ್ನೂ ಏರಿಸಬಲ್ಲದು, ಆದ್ದರಿಂದ ನನ್ನ ಬಿಪಿ ತಿಂಗಳಿಗೊಮ್ಮೆ ಬರೆದಿಡುತ್ತೇನೆ.

ಥಟ್ಟನೆ ನಿಲ್ಲಿಸುವುದರ ಕಷ್ಟವನ್ನು 2024ರ ಜುಲೈಯಲ್ಲಿ ಕಂಡೆ. ಎರಡು ದಿನದ ಕಾರ್ಯಕ್ಕೆಂದು ಅಂಕೋಲಾ ಕಡೆಯ ತವರಿಗೆ ಹೋಗಿದ್ದೆ, ಎರಡು ದಿನದ ಮಾತ್ರೆಯಷ್ಟೇ ಚೀಲದಲ್ಲಿತ್ತು. 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆ ಮಳೆಯಲ್ಲಿ ಘಟ್ಟದ ದಾರಿಯನ್ನೂ ನಂಬುವಂತಿರಲಿಲ್ಲ. ಅಲ್ಲಿ ಪ್ರಾಣ ಹೋದವರ ಎದುರು ನನ್ನದು ಏನೂ ಅಲ್ಲ, ಆದರೂ ವಿಷಯಕ್ಕೆ ಬೇಕಾದ್ದರಿಂದ ಹೇಳುತ್ತೇನೆ. ಮಾತ್ರೆ ತಪ್ಪಿದ ಎರಡನೆಯ ದಿನ ತಲೆ ತಿರುಗಿತು. ಮೂರನೆಯ ದಿನ, ಕತ್ತು ತಿರುಗಿಸಿದಾಗಲೆಲ್ಲ ತಲೆಯೊಳಗೆ ಕರೆಂಟು ಹರಿದಂತೆ ಝುಮ್ಮೆನ್ನುತ್ತಿತ್ತು. ರಾತ್ರಿಯೆಲ್ಲ ಕೆಟ್ಟ ಕನಸು, ಬೆವರು. ತಂಗಿ, ಹಾರ್ಮೋನಿನಿಂದಲೇ ಹೀಗಾಗುತ್ತಿದೆ, ಅದನ್ನೂ ಬಿಡು ಎಂದಳು. ಬಿಡಲಿಲ್ಲ. ವೆನ್ಲಾಫ್ಯಾಕ್ಸಿನ್ ಮತ್ತು ಪ್ಯಾರಾಕ್ಸಿಟಿನ್ ಮೈಯಿಂದ ಬೇಗ ಹೊರಹೋಗುವುದರಿಂದ ಅವನ್ನು ನಿಲ್ಲಿಸಿದಾಗ ಈ ತೊಂದರೆ ಹೆಚ್ಚು. ಫ್ಲುಯೋಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಕಡಿಮೆ. ಮಳೆಗಾಲಕ್ಕೆಂದು ಕಟ್ಟಿಗೆ, ಹಪ್ಪಳ, ಒಣಮೀನು ಕೂಡಿಡುವ ನಾವು ಜೂನ್ ಬರುವ ಮೊದಲೇ ಒಂದು ತಿಂಗಳ ಮಾತ್ರೆಯನ್ನೂ ತೇವ ತಾಗದ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. ಚೀಟಿಯಿಲ್ಲದೆ ಇವನ್ನು ಯಾವ ಅಂಗಡಿಯೂ ಕೊಡುವಂತಿಲ್ಲವಾದ್ದರಿಂದ ಎರಡೂ ಚೀಟಿಗಳ ಫೋಟೋ ಫೋನಿನಲ್ಲಿರಲಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ: ಒಂದೇ ಕಾಲು ಊದಿ ಮೀನಖಂಡ ನೋಯುವುದು, ಉಸಿರು ಕಟ್ಟುವುದು, ಎದೆನೋವು, ಮಾತು ತೊದಲುವುದು. ಹಾರ್ಮೋನು ಆರಂಭಿಸಿದ ಮೊದಲ ಕೆಲವು ತಿಂಗಳು ಸ್ವಲ್ಪ ಸ್ರಾವ ಕಾಣಬಹುದು, ಆರು ತಿಂಗಳ ನಂತರವೂ ಮುಂದುವರಿದರೆ ಅಥವಾ ನಿಂತದ್ದು ಮತ್ತೆ ಬಂದರೆ ಗರ್ಭಕೋಶದ ಪರೀಕ್ಷೆ ಆಗಲೇಬೇಕು. ಖಿನ್ನತೆಯ ಮಾತ್ರೆಯಿಂದ ರಕ್ತ ತೆಳುವಾಗಿದೆ ಎಂದು ಸಮಾಧಾನ ಹೇಳಿಕೊಳ್ಳಬಾರದು. ಖಿನ್ನತೆಯ ಮಾತ್ರೆ ಆರಂಭಿಸಿದ ಮೇಲೆ ನಿದ್ದೆ ಬೇಡವಾಗಿ, ಮಾತು ಖರ್ಚು ಎರಡೂ ಮಿತಿಮೀರಿದರೆ ಮನೆಯವರು ಮನೋವೈದ್ಯರಿಗೆ ತಿಳಿಸಬೇಕು. ಸಾಯುವ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು, ಹಗಲಿರುಳು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಸಿಗುತ್ತಾರೆ.

ಸಭೆಯ ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ ಎದ್ದು, "ನಮಗೂ ಹಾರ್ಮೋನು ಇದೆ, ನಮ್ಮ ವಿಷಯ ಹೇಳಲಿಲ್ಲವಲ್ಲ" ಎಂದರು. ಅವರು ಕೇಳಿದ್ದು ನ್ಯಾಯ. ಎಸ್ಟ್ರಡಯೋಲ್ ಮತ್ತು ಖಿನ್ನತೆಯ ಮಾತ್ರೆ ಅವರಿಗೂ ಜತೆಯಾಗಿ ನಡೆಯುತ್ತವೆ. ಆದರೆ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಜತೆಗೆ ಪುರುಷ ಹಾರ್ಮೋನನ್ನು ತಡೆಯುವ ಔಷಧವೂ ಇರುತ್ತದೆ. ಅದು ಸ್ಪಿರೊನೊಲ್ಯಾಕ್ಟೋನ್ ಆದರೆ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ನೋಡಿಸುತ್ತಿರಬೇಕು. ಸೈಪ್ರೊಟೆರೋನ್ ಆದರೆ ಅದೇ ಮನಸ್ಸನ್ನು ಕುಗ್ಗಿಸಬಲ್ಲದು. ಗೆಳತಿಯರ ಮಾತು ಕೇಳಿ ತಾವೇ ಕೊಂಡು ನುಂಗುವುದು ಅವರಲ್ಲಿ ಹೆಚ್ಚಾಗಿದ್ದರೆ, ಆಸ್ಪತ್ರೆಯಲ್ಲಿ ಅವರನ್ನು ಮರ್ಯಾದೆಯಿಂದ ಕೂರಿಸಿ ಕೇಳುವವರು ಕಡಿಮೆಯಿರುವುದು ಅದಕ್ಕೆ ಕಾರಣ.

ಬಿಡುವುದು ಯಾವಾಗ ಎಂದು ಹಲವರು ಕೇಳಿದರು. ಎರಡನ್ನೂ ಒಟ್ಟಿಗೆ ಬಿಡಬಾರದು. ಮನಸ್ಸು ನೆಟ್ಟಗಾಗಿ ಕನಿಷ್ಠ ಆರು ತಿಂಗಳು ಖಿನ್ನತೆಯ ಮಾತ್ರೆ ಮುಂದುವರಿಯಬೇಕು, ಮೊದಲೂ ಒಮ್ಮೆ ಬಂದಿದ್ದವರಿಗೆ ಇನ್ನೂ ಹೆಚ್ಚು ಕಾಲ. ಇಳಿಸುವುದೂ ವಾರ ತಿಂಗಳುಗಳ ಲೆಕ್ಕದಲ್ಲಿ, ವೈದ್ಯರು ಹೇಳಿದಂತೆ. ಹಾರ್ಮೋನನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಅದನ್ನು ನಿಲ್ಲಿಸಿದಾಗ ಕಾವು ಮರಳಿ ನಿದ್ದೆ ಕೆಟ್ಟರೆ ಖಿನ್ನತೆಗೂ ದಾರಿಯಾದೀತು, ಆದ್ದರಿಂದ ಮಗಳ ಮದುವೆ, ಮನೆಯಲ್ಲಿ ಕಾಯಿಲೆ, ಅಡಿಕೆ ಕೊಯ್ಲು ಇಂಥ ಹೊತ್ತಿನಲ್ಲಿ ಬದಲಾವಣೆ ಬೇಡ. ನನ್ನ ಮಾತ್ರೆಗಳೆಲ್ಲ, ಥೈರಾಯ್ಡ್ ಪರೀಕ್ಷೆಯ ತಾರೀಖು, ತಿಂಗಳ ಬಿಪಿ ಒಂದೇ ಹಾಳೆಯಲ್ಲಿ ಬರೆದು, ಅದನ್ನು ಇಬ್ಬರು ವೈದ್ಯರಿಗೂ ಪ್ರತಿ ಸಲ ತೋರಿಸುತ್ತೇನೆ. ಮೊದಲು ಮಾತ್ರೆಯನ್ನು ಡಬ್ಬಿಯಲ್ಲಿ ಬಚ್ಚಿಟ್ಟಂತೆ ಈ ಹಾಳೆಯನ್ನು ಬಚ್ಚಿಟ್ಟಿಲ್ಲ. ಅಡುಗೆಮನೆಯ ಗೋಡೆಗೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಬಂದವರಿಗೆಲ್ಲ ಕಾಣುವಂತೆ ಅಂಟಿಸಿದೆ. ಅದರ ಕೊನೆಯ ಸಾಲು ಇಬ್ಬರೂ ಒಪ್ಪಿ ಬರೆಸಿದ್ದು: ಜೆಲ್ ಹಾಗೆಯೇ ಇರಲಿ, ವೆನ್ಲಾಫ್ಯಾಕ್ಸಿನ್ ದೀಪಾವಳಿ ಕಳೆದ ಮೇಲೆ 75ರಿಂದ 37.5ಕ್ಕೆ.